ಪಾಸ್ಟರನ್ನು ಪ್ರಶ್ನಿಸಿದರೆ ಶಾಪ ತಟ್ಟುತ್ತದೆಯೇ?

"ಅಕ್ಕಾ, ದೇವರ ಸೇವಕರಿಗೆ ಎದುರು ಮಾತಾಡಿದ್ರ ಶಾಪ ತಟ್ಟತೈತಿ ಅಂತಾರ, ಖರೇ ಏನ್ರಿ?"

ಸಿಂಧನೂರು ಬಸ್ಸಿನಲ್ಲಿ, ಮದುವೆ ಊಟದಲ್ಲಿ, ಮಣ್ಣಿಗೆ ಹೋದಲ್ಲೂ ಇದೇ ಪ್ರಶ್ನೆ. ಇಲ್ಲ, ತಟ್ಟುವುದಿಲ್ಲ. ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೇಳುವವರು ಆಚೀಚೆ ನೋಡಿ ದನಿ ತಗ್ಗಿಸುತ್ತಾರಲ್ಲ, ಅದನ್ನು ನನ್ನಿಂದ ಸಹಿಸಲು ಆಗುವುದಿಲ್ಲ. ಇಷ್ಟು ಹೆದರಿಕೆ ಇವರಿಗೆ ಕಲಿಸಿದವರು ಯಾರು?

ಕಲಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ನಮ್ಮ ರಾಯಚೂರು ಜಿಲ್ಲೆಯದೇ ಒಂದು ಸಣ್ಣ ಕ್ರೈಸ್ತ ಸಭೆ. ಆರಾಧನೆ ಮುಗಿದ ಮೇಲೆ, ಹತ್ತಿ ಬಿಡಿಸುವ ಕೂಲಿಗೆ ಹೋಗುವ ಒಬ್ಬ ವಿಧವೆ ಎದ್ದು ನಿಂತಳು. "ಪತ್ರಾಸ್ ಹಾಕ್ಸಾಕ ಕೊಟ್ಟ ರೊಕ್ಕ ಎಷ್ಟು ಕೂಡೈತ್ರಿ?" ಸಭೆಯ ತಗಡಿನ ಚಾವಣಿಗೆ ಕೊಟ್ಟ ಹಣದ ಲೆಕ್ಕ, ಅಷ್ಟೇ ಕೇಳಿದ್ದು. ಪಾಸ್ಟರ್ ಬೈಬಲ್ ಮೇಲೆತ್ತಿದರು. "ನಾನು ಅಭಿಷೇಕಿಸಿದವರನ್ನು ಮುಟ್ಟಬೇಡಿ ಅಂತ ದೇವರೇ ಹೇಳಿದ್ದಾನೆ. ನಿನಗೂ ಮಕ್ಕಳಿದ್ದಾರೆ, ನೆನಪಿರಲಿ" ಎಂದರು. ಆಕೆ ಕೂತುಬಿಟ್ಟಳು. ನಾವೆಲ್ಲ ಚಾಪೆ ನೋಡುತ್ತಾ ಸುಮ್ಮನಿದ್ದೆವು. ನಾನೂ.

ಆ ಮಾತು ಇರುವುದು ಬೈಬಲಿನ ಕೀರ್ತನೆ 105ರ 15ನೇ ವಚನದಲ್ಲಿ. ಸ್ವಲ್ಪ ಮೇಲಿನಿಂದ, 9ನೇ ವಚನದಿಂದ ಓದಿ. ಅಲ್ಲಿ ಅಭಿಷಿಕ್ತರು, ಅಂದರೆ ದೇವರು ಆರಿಸಿಕೊಂಡವರು, ಅಬ್ರಹಾಮ, ಇಸಾಕ, ಯಾಕೋಬ. ಸ್ವಂತ ನೆಲವಿಲ್ಲದೆ ದೇಶದಿಂದ ದೇಶಕ್ಕೆ ಅಲೆದ ಬೆರಳೆಣಿಕೆಯ ಜನ. ಬರ ಬಿದ್ದಾಗ ಅಬ್ರಹಾಮ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಗುಳೆ ಹೋದ, ನಮ್ಮವರು ಬೆಂಗಳೂರಿಗೆ ಹೋಗುವ ಹಾಗೆ. ಅಲ್ಲಿನ ಅರಸ ಫರೋಹ ಅವನ ಹೆಂಡತಿಯನ್ನೇ ಅರಮನೆಗೆ ಕರೆಸಿಕೊಂಡ. ಮುಂದೆ ಗೆರಾರಿನ ಅರಸ ಅಬೀಮೆಲೆಕನೂ ಅದನ್ನೇ ಮಾಡಿದ. "ಮುಟ್ಟಬೇಡಿ" ಎಂದು ದೇವರು ಗದರಿಸಿದ್ದು ಇಂಥ ಅರಸರನ್ನು! ಗುಳೆ ಹೋದವರನ್ನು ಕಾಯುವ ಮಾತು ಅದು. ಅದನ್ನೇ ತಿರುಗಿಸಿ ಒಬ್ಬ ಕೂಲಿ ಹೆಂಗಸಿನ ಬಾಯಿ ಮುಚ್ಚಿಸಿದರು.

ಅರಸ ದಾವೀದನೂ ಅಭಿಷಿಕ್ತನೇ ಅಲ್ವಾ? ತನ್ನ ಸೈನಿಕ ಊರೀಯನನ್ನು ಕೊಲ್ಲಿಸಿದಾಗ ಪ್ರವಾದಿ ನಾತಾನ "ಆ ಮನುಷ್ಯ ನೀನೇ" ಎಂದು ಮುಖಕ್ಕೇ ಹೇಳಿದ. ನಾತಾನನಿಗೆ ಶಾಪ ತಟ್ಟಲಿಲ್ಲ. ಇನ್ನು ರೊಕ್ಕದ ವಿಷಯ. ಕಾಣಿಕೆ ಸಾಗಿಸುವಾಗ ಯಾರೂ ಬೆರಳು ತೋರಿಸಬಾರದೆಂದು ಅಪೊಸ್ತಲ ಪೌಲ ತನ್ನ ಜೊತೆಗಾರ ತೀತನ ಜೊತೆ ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನೂ ಕಳಿಸಿದ. ಅವನು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿದೆ. ಪೌಲನೇ ಅಷ್ಟು ಎಚ್ಚರವಾಗಿದ್ದ ಮೇಲೆ ಪತ್ರಾಸಿನ ಲೆಕ್ಕ ಕೇಳಿದ್ದು ಹೇಗೆ ಪಾಪವಾಗುತ್ತದೆ? ಸಭೆಯ ಹಿರಿಯರು ಮಂದೆಯ ಮೇಲೆ ದೊರೆತನ ಮಾಡಬಾರದು ಎಂದು ಯೇಸುವಿನ ಶಿಷ್ಯ ಪೇತ್ರನೂ ಬರೆದಿದ್ದಾನೆ.

ಈ ಕಥೆ ಕೇಳಿದವರೆಲ್ಲ ಮತ್ತೆ ಶಾಪದ ಬಗ್ಗೆಯೇ ಕೇಳುತ್ತಾರೆ. ಆಕೆ ಈಗ ಎಲ್ಲಿದ್ದಾಳೆ ಅಂತ ಇವತ್ತಿಗೂ ಒಬ್ಬರೂ ಕೇಳಿಲ್ಲ. ಅದನ್ನು ಕೇಳಿ, ಹೇಳುತ್ತೇನೆ.

ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದಾಳೆ. ಆ ಭಾನುವಾರದ ನಂತರ ಸಭೆಗೆ ಬರಲೇ ಇಲ್ಲ. ಓದಲು ಬರುವುದಿಲ್ಲ, ಹಾಗಾಗಿ ಭಾನುವಾರ ಸಂಜೆ ಫೋನ್ ಮಾಡುತ್ತಾಳೆ, ನಾನು ಓದುತ್ತೇನೆ. ಹೋದ ವಾರ 105ನೇ ಕೀರ್ತನೆ ಬಂತು. ದೇವರು ಅರಸರನ್ನು ಗದರಿಸಿದ ಸಾಲು ಮುಗಿಸುತ್ತಿದ್ದಂತೆ ತಡೆದಳು. "ಇನ್ನೊಮ್ಮೆ ಓದವಾ" ಎಂದಳು.