ದುಡಿಯುವವರ ಲೆಕ್ಕ: ಚಾರ್ಟ್ ಎಲ್ಲಿಗೆ ಬಂತು

ಭಾರತ, ಚೀನಾ, ಇಂಡೋನೇಷ್ಯಾ, ವಿಯೆಟ್ನಾಂ, ಬಾಂಗ್ಲಾದೇಶ, ನೈಜೀರಿಯಾ, ಬ್ರೆಜಿಲ್. ಈ ದೇಶಗಳ ಕಾರ್ಮಿಕ ಬಲ 1990ರಿಂದ ಹೇಗೆ ಬೆಳೆದಿದೆ ಅಂತ ಒಂದೇ ಚಾರ್ಟಿನಲ್ಲಿ ತೋರಿಸಬೇಕು, ಅಷ್ಟೇ ನನ್ನ ಆಸೆ. ಚಾರ್ಟ್ ಬಂದಿದೆ. ನೋಡೋಕೂ ಚೆನ್ನಾಗಿದೆ. ಆದರೆ ಹಾಗೇ ಯಾರಿಗಾದರೂ ತೋರಿಸೋಕೆ ಮನಸ್ಸು ಬರುತ್ತಿಲ್ಲ.

ಡೇಟಾ ಇಳಿಸಿಕೊಂಡದ್ದು ವಿಶ್ವಬ್ಯಾಂಕಿನಿಂದ, ಮೂಲದಲ್ಲಿ ಅದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜು. 15 ವರ್ಷ ತುಂಬಿದವರಲ್ಲಿ ಕೆಲಸ ಮಾಡುತ್ತಿರುವವರು, ಕೆಲಸ ಹುಡುಕುತ್ತಿರುವವರು, ಎಲ್ಲರೂ ಲೆಕ್ಕದಲ್ಲಿದ್ದಾರೆ. ಫೈಲ್ ಮಾತ್ರ ಸ್ವಲ್ಪ ತಲೆಹರಟೆ: ವರ್ಷಗಳೆಲ್ಲ ಅಡ್ಡಡ್ಡ ಕಾಲಂಗಳಲ್ಲಿ, ದೇಶಗಳ ಮಧ್ಯೆ ‘ದಕ್ಷಿಣ ಏಷ್ಯಾ’, ‘ಕಡಿಮೆ ಆದಾಯದ ದೇಶಗಳು’ ಅಂತ ಗುಂಪುಗಳೂ ಬೆರೆತಿವೆ, ಅವನ್ನು ತೆಗೆಯದೆ ಕೂಡಿದರೆ ಒಬ್ಬನೇ ಮನುಷ್ಯ ಮೂರ್ನಾಲ್ಕು ಸಲ ಎಣಿಕೆಗೆ ಬರುತ್ತಾನೆ. ಡೇಟಾ ತಿದ್ದುವ ಪೈಥಾನ್ ಸಾಧನ ಪಾಂಡಾಸ್‌ನಲ್ಲಿ ಅಡ್ಡ ಕಾಲಂಗಳನ್ನು ಉದ್ದಕ್ಕೆ ಇಳಿಸೋಕೆ ಒಂದು ಮೆಲ್ಟ್, ಗುಂಪುಗಳನ್ನು ತೆಗೆಯೋಕೆ ಒಂದು ಫಿಲ್ಟರ್. ಮುಗೀತು.

ಮೊದಲು ಕಣ್ಣಿಗೆ ಬಿದ್ದದ್ದು ನಾವು ಮತ್ತು ಚೀನಾ. 2023ರಲ್ಲಿ ಜನಸಂಖ್ಯೆಯಲ್ಲಿ ನಾವು ಅವರನ್ನು ದಾಟಿದೆವು, ಅಲ್ವಾ? ಕಾರ್ಮಿಕ ಬಲದಲ್ಲಿ ಇನ್ನೂ ದಾಟಿಲ್ಲ. ಅವರದು 77 ಕೋಟಿಯ ಆಸುಪಾಸು, ನಮ್ಮದು 60 ಕೋಟಿಯ ಆಸುಪಾಸು. 1990ನ್ನು 100 ಅಂತ ಇಟ್ಟು ಎಳೆದರೆ ನಮ್ಮ ಗೆರೆ ಏರುತ್ತಲೇ ಇದೆ, ಅವರದು ಕಳೆದ ಹತ್ತು ವರ್ಷದಲ್ಲಿ ಮಲಗಿಬಿಟ್ಟಿದೆ. ಅಲ್ಲಿ ದುಡಿಯುವ ವಯಸ್ಸಿನವರ ಸಂಖ್ಯೆ 2012ರಲ್ಲೇ ಇಳಿಯೋಕೆ ಶುರುವಾಗಿತ್ತು, ಒಂದೇ ಮಗು ನೀತಿಯ ಫಲ. ಹಾಗಾದರೆ ಉಳಿದ 17 ಕೋಟಿ ಜನ ನಮ್ಮಲ್ಲಿ ಎಲ್ಲಿ? ಒಂದು ಪಾಲು ಮಕ್ಕಳು, ನಮ್ಮಲ್ಲಿ 15ರ ಒಳಗಿನವರು ಜಾಸ್ತಿ. ಇನ್ನೊಂದು ದೊಡ್ಡ ಪಾಲು ಹೆಂಗಸರು.

ನಾನು ಸಿಕ್ಕಿಕೊಂಡಿರೋದು ಇಲ್ಲೇ. ನಮ್ಮ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆ ಪಿಎಲ್‌ಎಫ್‌ಎಸ್ ಪ್ರಕಾರ 2017-18ರಲ್ಲಿ 15 ತುಂಬಿದ ಹೆಂಗಸರಲ್ಲಿ ಶೇ. 23.3 ಮಾತ್ರ ಕಾರ್ಮಿಕ ಬಲದಲ್ಲಿದ್ದರು. 2023-24ಕ್ಕೆ ಶೇ. 41.7. ವಿಯೆಟ್ನಾಂನಲ್ಲಿ ಇದು 70ರ ಹತ್ತಿರ ಅನ್ನೋದು ಬೇರೆ ಮಾತು, ಆದರೆ ಆರೇ ವರ್ಷದಲ್ಲಿ ಇಷ್ಟು ಏರಿಕೆ ಅಂದರೆ ಕೋಟಿಗಟ್ಟಲೆ ಹೆಂಗಸರು ಹೊಸದಾಗಿ ಲೆಕ್ಕಕ್ಕೆ ಬಂದಿದ್ದಾರೆ. ಪೀಣ್ಯದ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಗೇಟಿನ ಮುಂದೆ ಕಾಣುವ ಕೆಲಸವಲ್ಲ ಇದು. ಏರಿಕೆ ಜಾಸ್ತಿ ಆಗಿರೋದು ಹಳ್ಳಿಗಳಲ್ಲಿ. ಕೆಲಸದಲ್ಲಿರುವ ಹೆಂಗಸರ ಪೈಕಿ ಸ್ವಂತ ಉದ್ಯೋಗದವರ ಪಾಲು ಇದೇ ಅವಧಿಯಲ್ಲಿ ಶೇ. 52ರಿಂದ 67ಕ್ಕೆ ಹೋಗಿದೆ, ಮತ್ತು ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ದುಡಿಯುವವರೂ ಈ ‘ಸ್ವಂತ ಉದ್ಯೋಗ’ದಲ್ಲೇ ಸೇರಿದ್ದಾರೆ.

ಯಾರು ಒಳಗೆ, ಯಾರು ಹೊರಗೆ ಅನ್ನೋದು ಸಮೀಕ್ಷೆಯ ಕೋಡ್ ಪಟ್ಟಿ ನೋಡಿದರೆ ಗೊತ್ತಾಗುತ್ತದೆ, ಒಬ್ಬೊಬ್ಬರ ಕೆಲಸಕ್ಕೂ ಅದರಲ್ಲಿ ಒಂದು ಸಂಖ್ಯೆ. 21 ಅಂದರೆ ಮನೆಯ ಕಸುಬಿಗೆ ಸಂಬಳವಿಲ್ಲದ ಸಹಾಯಕಿ, ಕಾರ್ಮಿಕ ಬಲದ ಒಳಗೆ. 92 ಬರೀ ಮನೆಗೆಲಸ, 93 ಮನೆಗೆಲಸದ ಜೊತೆಗೆ ಸೌದೆ, ಮೇವು ತರೋದು, ಮನೆಮಟ್ಟಿಗೆ ಹೊಲಿಗೆ ಇತ್ಯಾದಿ, ಇವೆರಡೂ ಹೊರಗೆ. ಡೇರಿಗೆ ಹಾಲು ಹಾಕುವ ಮನೆಯಲ್ಲಿ ಬೆಳಗ್ಗೆ ಎದ್ದು ಹಸು ನೋಡಿಕೊಳ್ಳುವ ಸೊಸೆ 21. ಸಮೀಕ್ಷೆಗೆ ಬಂದವರು ‘ನಿಮ್ಮ ಸೊಸೆ ಏನು ಮಾಡ್ತಾರೆ’ ಅಂತ ಕೇಳಿ, ಮಾವ ‘ಏನಿಲ್ಲ, ಮನೇಲೇ ಇರ್ತಾಳೆ’ ಅಂದು, ಅಲ್ಲಿಗೇ ಬಿಟ್ಟರೆ 92. ಬೆಂಗಳೂರಿನಲ್ಲೇ ಮನೆಯಲ್ಲಿ ಕೂತು ಅಗರಬತ್ತಿ ಹೊಸೆಯುವವರ ಕಥೆಯೂ ಇದೇ. ಏರಿಕೆ ಪೂರ್ತಿ ಎಣಿಕೆಯ ಆಟ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಗೆರೆಯನ್ನು ಸುಮ್ನೆ ‘ಬೆಳವಣಿಗೆ’ ಅಂತ ಕರೆಯೋಕೆ ನಾನು ತಯಾರಿಲ್ಲ.

ನೈಜೀರಿಯಾದ್ದು ಇನ್ನೊಂದು ತಲೆನೋವು. ಅಲ್ಲಿ ನಿರುದ್ಯೋಗ 2020ರ ಕೊನೆಗೆ ಶೇ. 33.3 ಇದ್ದದ್ದು 2022ರ ಕೊನೆಗೆ ಶೇ. 5.3 ಆಯಿತು, ಯಾಕಂದರೆ ಮೊದಲು ವಾರಕ್ಕೆ 20 ಗಂಟೆಗಿಂತ ಕಡಿಮೆ ದುಡಿದರೂ ನಿರುದ್ಯೋಗಿ, ಈಗ ಒಂದು ಗಂಟೆ ದುಡಿದರೂ ಉದ್ಯೋಗಿ. ಇಬ್ಬರೂ ಕಾರ್ಮಿಕ ಬಲದಲ್ಲೇ ಇರುವುದರಿಂದ ಅದು ನನ್ನ ಗೆರೆಯನ್ನು ಅಷ್ಟು ಕೆಡಿಸಲ್ಲ. ಕೆಡಿಸೋದು 2013ರ ಅಂತರರಾಷ್ಟ್ರೀಯ ನಿಯಮ: ಮನೆ ಊಟಕ್ಕೆ ಮಾತ್ರ ಬೆಳೆಯುವ ರೈತ ಅದರ ಪ್ರಕಾರ ಉದ್ಯೋಗಿಯೇ ಅಲ್ಲ, ಬೇರೆ ಕೆಲಸ ಹುಡುಕದಿದ್ದರೆ ಕಾರ್ಮಿಕ ಬಲದಿಂದಲೇ ಹೊರಗೆ. ಕೆಲವು ದೇಶಗಳು ಅದಕ್ಕೆ ಬದಲಾಗಿವೆ, ಕೆಲವು ಆಗಿಲ್ಲ.

ಹಾಗಾಗಿ ಒಂದೇ ಚಾರ್ಟ್ ಅನ್ನೋ ಆಸೆ ಬಿಟ್ಟೆ. ಗಂಡಸರಿಗೊಂದು, ಹೆಂಗಸರಿಗೊಂದು ಮಾಡಿದ್ದೇನೆ. ಭಾರತದ ಗೆರೆಯಲ್ಲಿ 2011-12ರಿಂದ 2017-18ರವರೆಗಿನ ಭಾಗ ಚುಕ್ಕೆಚುಕ್ಕೆಯಾಗಿದೆ, ಆ ನಡುವೆ ರಾಷ್ಟ್ರೀಯ ಮಾದರಿ ಸಮೀಕ್ಷೆಯ (ಎನ್‌ಎಸ್‌ಎಸ್) ದೊಡ್ಡ ಉದ್ಯೋಗ ಸಮೀಕ್ಷೆಯೇ ಇರಲಿಲ್ಲ. ಮುಂದಿನದು ಪಿಎಲ್‌ಎಫ್‌ಎಸ್‌ನ ಮೂಲ ಫೈಲುಗಳು. ಹೆಸರು ನೋಂದಾಯಿಸಿದರೆ ಉಚಿತವಾಗಿ ಸಿಗುತ್ತವೆ, ಆದರೆ ಎಲ್ಲಿ ಯಾವ ಕಾಲಂ ಮುಗಿಯುತ್ತದೆ ಅಂತ ಅಕ್ಷರ ಎಣಿಸಿ ಕತ್ತರಿಸಬೇಕಾದ ಟೆಕ್ಸ್ಟ್ ಅದು. ಗ್ರಾಮೀಣ ಕರ್ನಾಟಕದಲ್ಲಿ ವರ್ಷಾವರ್ಷ 21, 92, 93ರ ಪಾಲು ಎಷ್ಟೆಷ್ಟು ಅಂತ ತೆಗೆದು ಪಕ್ಕಪಕ್ಕ ಇಡಬೇಕು. ಆ ಫೈಲು ಓದುವ ಪ್ರೋಗ್ರಾಂ ಅರ್ಧ ಬರೆದಾಗಿದೆ.