ಅಮ್ಮನ ಅನುಮಾನಕ್ಕೆ ರಜೆ ಇಲ್ಲ

ಆಶ್ಲೇಷಾ ಮಳೆ ಹಿಡಿದರೆ ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಕರೆಂಟಿಗೂ ನೆಟ್‌ವರ್ಕಿಗೂ ಭರವಸೆ ಇಲ್ಲ. ಅದಕ್ಕೇ ಬೆಂಗಳೂರಿಂದ ಹೊರಡುವಾಗಲೇ ‘ಯಂಗ್ ಶೆಲ್ಡನ್’ ಎಂಬ ಅಮೆರಿಕದ ಟಿವಿ ಧಾರಾವಾಹಿಯ ಕೆಲವು ಕಂತು ಡೌನ್‌ಲೋಡ್ ಮಾಡಿಕೊಂಡಿದ್ದೆ. ಅಮ್ಮ ಪತ್ರೊಡೆಗೆಂದು ಕೆಸುವಿನ ಎಲೆ ಮಗುಚಿ ಹಾಕಿ, ಹಿಂಬದಿಯ ದಪ್ಪ ನಾರನ್ನು ಚಾಕುವಿನಿಂದ ಸವರಿ ತೆಗೆಯುತ್ತಿದ್ದಳು. ಅವಳ ಪಕ್ಕ ಲ್ಯಾಪ್‌ಟಾಪ್ ಇಟ್ಟು, ಇಂಗ್ಲಿಷ್ ಮಾತನ್ನೆಲ್ಲ ಕನ್ನಡದಲ್ಲಿ ಹೇಳುತ್ತ ಕೂತೆ.

ನಾವು ನೋಡಿದ್ದು 2018ರಲ್ಲಿ ಬಂದ ಎರಡನೇ ಸೀಸನ್‌ನ ಮೂರನೇ ಕಂತು. ಟೆಕ್ಸಾಸ್‌ನ ಸಣ್ಣ ಊರು, ಕಾಲ 1990ರ ಆಸುಪಾಸು. ಶೆಲ್ಡನ್ ದೇವರನ್ನು ನಂಬದ, ಲೆಕ್ಕ–ವಿಜ್ಞಾನದ ಹುಡುಗ. ತಾಯಿ ಮೇರಿ ಚರ್ಚು ಬಿಟ್ಟರಿಲ್ಲ ಎನ್ನುವವಳು. ಪರಿಚಯದವರ ಮನೆಯ ಹದಿಹರೆಯದ ಹುಡುಗಿ ಅಪಘಾತದಲ್ಲಿ ಸಾಯುತ್ತಾಳೆ. ಮೇರಿಯ ನಂಬಿಕೆ ಅಲುಗಾಡುತ್ತದೆ.

“ಅಯ್ಯೋ, ಅನುಮಾನ ತಾಯಿಗೇ ಬಂತಾ?” ಎಂದಳು ಅಮ್ಮ.

ನನಗೆ ಸೋದರಮಾವ ತೀರಿಕೊಂಡ ವರ್ಷ ನೆನಪಾಯಿತು. ಮದುವೆಯಾದ ಹೆಣ್ಣಿಗೆ ತವರಿನ ಸೂತಕ ನಮ್ಮಲ್ಲಿ ಮೂರು ದಿನ. ಅಷ್ಟು ದಿನ ಅಮ್ಮ ದೀಪ ಹಚ್ಚದಿದ್ದಾಗ ಯಾರೂ ಕೇಳಲಿಲ್ಲ. ನಾಲ್ಕನೇ ದಿನವೂ ದೇವರ ಕೋಣೆಗೆ ಹೋಗಲಿಲ್ಲ ನೋಡಿ, ಶುರುವಾಯಿತು. “ಮನೆಗೆ ಕೇಡಲ್ಲವೇನೇ? ಹಬ್ಬ ಬಂತು, ನೈವೇದ್ಯ ಯಾರು ಮಾಡ್ತಾರೆ?” ಎಂದು ಅಜ್ಜಿ. ಅಪ್ಪ ಸುಮ್ಮನೆ ತೋಟಕ್ಕೆ ಹೋದ. ಅದೇ ಮನೆಯಲ್ಲಿ ಹೈಸ್ಕೂಲಿನ ನಾನು ದೇವರೇ ಇಲ್ಲ ಎಂದು ಊಟದ ಹೊತ್ತಿಗೆ ಭಾಷಣ ಬಿಗಿದರೆ ಎಲ್ಲರೂ ನಗುತ್ತಿದ್ದರು, ‘ಓದ್ತಾಳೆ, ಹೇಳ್ಲಿ ಬಿಡಿ’ ಎಂದು. ಅಪ್ಪನದಂತೂ ಇನ್ನೊಂದು ಕತೆ. ಅಡಿಕೆಗೆ ಕೊಳೆ ಬೀಳಬಾರದೆಂದು ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಸುತ್ತಾನೆ, ಸಿಗಂದೂರು ಚೌಡೇಶ್ವರಿಗೆ ಹರಕೆಯನ್ನೂ ಹೊರುತ್ತಾನೆ. ಅವನ ಭಕ್ತಿ ಎಷ್ಟು, ಅನುಮಾನ ಎಷ್ಟು ಎಂದು ಇವತ್ತಿನವರೆಗೆ ಯಾರೂ ಅಳೆದಿಲ್ಲ. ಅಳೆಯುವುದು ದೀಪದ ಬತ್ತಿ ಹೊಸೆಯುವವಳದ್ದು ಮಾತ್ರ.

ಕಂತಿನ ಕೊನೆಯಲ್ಲಿ ಶೆಲ್ಡನ್ ತಾಯಿಯ ಪಕ್ಕ ಬಂದು ಕೂರುತ್ತಾನೆ. ಗುರುತ್ವಾಕರ್ಷಣೆ ಸ್ವಲ್ಪ ಹೆಚ್ಚಿದ್ದರೆ ವಿಶ್ವ ಕುಸಿದು ಮುದ್ದೆಯಾಗುತ್ತಿತ್ತು, ಸ್ವಲ್ಪ ಕಡಿಮೆಯಿದ್ದರೆ ನಕ್ಷತ್ರವೂ ಇಲ್ಲ, ಗ್ರಹವೂ ಇಲ್ಲ, ಇಷ್ಟು ಕರಾರುವಾಕ್ಕಾಗಿದ್ದರೆ ಸೃಷ್ಟಿಕರ್ತ ಇರಬಹುದು ಎನ್ನುವುದು ತರ್ಕಕ್ಕೆ ನಿಲ್ಲುತ್ತದೆ ಎಂದು ವಿವರಿಸುತ್ತಾನೆ. ತೊಂದರೆ ತಲೆಯಲ್ಲಿಲ್ಲ, ಎದೆಯಲ್ಲಿದೆ ಎನ್ನುತ್ತಾಳೆ ಅವಳು. ಆಗ ಹುಡುಗ, ಭೂಮಿಯ ಮೇಲೆ ಐನೂರು ಕೋಟಿ ಜನ ಇದ್ದಾರೆ, ಅಷ್ಟರಲ್ಲಿ ನನಗೆ ತಕ್ಕ ಅಮ್ಮ ನೀನೇ ಸಿಕ್ಕೆಯಲ್ಲ, ಅದರ ಸಾಧ್ಯತೆ ಎಷ್ಟು ಹೇಳು ಎನ್ನುತ್ತಾನೆ. ನಂಬದವನು ನಂಬುವವಳನ್ನು ಸಂತೈಸುವುದು ನನಗೆ ಬಹಳ ಹಿಡಿಸಿತು. ಆ ಗುರುತ್ವದ ವಾದ ಮಾತ್ರ ಅಷ್ಟೇನೂ ಗಟ್ಟಿಯಲ್ಲ. ವಿಶ್ವ ಹೀಗಿಲ್ಲದಿದ್ದರೆ ಅದನ್ನು ಕೇಳಲು ನಾವೇ ಇರುತ್ತಿರಲಿಲ್ಲ; ಹಾಗಾಗಿ ಅದು ನಮಗೆ ಹೊಂದುವಂತೆ ಕಾಣುವುದರಲ್ಲಿ ಅಚ್ಚರಿಯೇನಿಲ್ಲ.

“ಅವತ್ತು ಮತ್ತೆ ದೀಪ ಹಚ್ಚಿದೆಯಲ್ಲ, ನಂಬಿಕೆ ವಾಪಸ್ ಬಂದಿತ್ತಾ?” ಎಂದು ಕೇಳಿದೆ.

“ಅಜ್ಜಿಯ ಬಾಯಿಗೆ ಹೆದರಿ ಹಚ್ಚಿದ್ದು. ನಂಬಿಕೆ ಬಂದದ್ದು ಯಾವಾಗಲೋ, ಯಾರಿಗೆ ಗೊತ್ತು” ಎಂದಳು. ಸ್ವಲ್ಪ ತಡೆದು, “ಹುಡುಗ ಚೆನ್ನಾಗಿ ಹೇಳಿದ ಬಿಡು. ಆದ್ರೆ ಸತ್ತ ಹುಡುಗಿಯ ಅಮ್ಮನಿಗೆ ಈ ಲೆಕ್ಕ ಹೇಳಿದ್ರೆ ಎಂತ ಆಗ್ತಿತ್ತು ಮಾರಾಯ್ತಿ? ಅವಳಿಗೂ ಐನೂರು ಕೋಟಿಯಲ್ಲಿ ಒಬ್ಬಳೇ ಮಗಳಲ್ಲವಾ?”