ಮಕ್ಕಳ ಜೊತೆ ಕೊಡಗಿನಲ್ಲಿ ಸೈಕಲ್: ರೂಟ್ ಆಮೇಲೆ, ಮೊದಲು ಮನೆ ನೋಡಿ

ಪ್ರತಿ ವರ್ಷ ದೀಪಾವಳಿ ಕಳೆದ ವಾರಕ್ಕೆ ನನ್ನ ಫೋನ್ ಶುರುವಾಗುತ್ತದೆ. ಮೈಸೂರಿನಿಂದ ನಾದಿನಿ, ಬೆಂಗಳೂರಿನಿಂದ ಚಿಕ್ಕಪ್ಪನ ಮಗ, ಅವನ ಆಫೀಸಿನವರು, ಆ ಆಫೀಸಿನವರ ಅಪಾರ್ಟ್‌ಮೆಂಟಿನವರು. ಎಲ್ಲರದ್ದೂ ಒಂದೇ ಪ್ರಶ್ನೆ. "ಅಕ್ಕಾ, ರಜೆಗೆ ಮಕ್ಕಳನ್ನೂ ಸೈಕಲ್‌ಗಳನ್ನೂ ಹಾಕ್ಕೊಂಡು ಕೊಡಗಿಗೆ ಬರ್ತಿದ್ದೀವಿ. ಬೆಟ್ಟದಲ್ಲಿ ಒಂದು ಒಳ್ಳೇ ರೂಟ್ ಹೇಳಿ."

ನಾನೇನೂ ಸೈಕಲ್ ಪರಿಣತೆ ಅಲ್ಲ. ಹುಟ್ಟಿದ್ದು ಸೋಮವಾರಪೇಟೆ ಕಡೆ, ಈಗ ಇರುವುದು ವಿರಾಜಪೇಟೆ ಹತ್ತಿರದ ಒಂದು ಹಳ್ಳಿಯಲ್ಲಿ. ನಮ್ಮನೆಯವರು ಕಾಫಿ ತೋಟದಲ್ಲಿ ಲೆಕ್ಕಪತ್ರ ನೋಡುವ ರೈಟರ್. ಮನೆಯಲ್ಲಿ ನಾಲ್ಕು ಜನ, ನಾಲ್ಕು ಗೇರ್ ಸೈಕಲ್. ಅಷ್ಟಕ್ಕೇ ನೆಂಟರಲ್ಲಿ ಹೆಸರು ಬಂದುಬಿಟ್ಟಿದೆ.

ರೂಟ್ ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ: "ಉಳಿಯೋದು ಎಲ್ಲಿ?" ತಕ್ಷಣ ಫೋಟೊ ಬರುತ್ತದೆ. ಗುಡ್ಡದ ನೆತ್ತಿ, ಗಾಜಿನ ಬಾಲ್ಕನಿ, ಕೆಳಗೆಲ್ಲ ಮಂಜು. ಅದನ್ನು ನೋಡಿದರೆ ನನಗೆ ಅಯ್ಯೋ ಅನ್ನಿಸುತ್ತದೆ.

ಯಾಕೆ ಅಂತ ಹೇಳುತ್ತೇನೆ. ಐದು ವರ್ಷದ ಹಿಂದೆ ನಾದಿನಿಯ ಸಂಸಾರ ಮಡಿಕೇರಿ ಹತ್ತಿರ ಇಂಥದೇ ಒಂದು ಮನೆ ಹಿಡಿದಿತ್ತು. ನಾವೂ ಸೈಕಲ್ ತಗೊಂಡು ಹೋಗಿ ಸೇರಿಕೊಂಡೆವು. ಬೆಳಿಗ್ಗೆ ತಿಂಡಿ ಆದ ಮೇಲೆ ಎಲ್ಲರೂ ಗೇಟಿನಿಂದ ಇಳಿದೆವು. 3 ಕಿಲೋಮೀಟರ್, ಕೆಳಗಿನ ತೋಡಿನ ತನಕ. ಮಕ್ಕಳ ಕೂಗಾಟವೇ ಕೂಗಾಟ. ಹದಿನೈದು ನಿಮಿಷದಲ್ಲಿ ಇಳಿದಾಯಿತು. ನೀರಲ್ಲಿ ಕಾಲಾಡಿಸಿ, ಬಾಳೆಹಣ್ಣು ತಿಂದು, ಸೈಕಲ್ ತಿರುಗಿಸಿದೆವು. ಆಗ ಗೊತ್ತಾಯಿತು. ಬಂದ ದಾರಿಯಷ್ಟನ್ನೂ ಈಗ ಹತ್ತಬೇಕು.

ನಾದಿನಿ ಮಗನಿಗೆ ಆಗ 7 ವರ್ಷ. ಅರ್ಧ ಕಿಲೋಮೀಟರ್ ತುಳಿದ, ಸ್ವಲ್ಪ ದೂರ ತಳ್ಳಿದ, ಆಮೇಲೆ ಒಂದು ಮೋರಿ ಕಟ್ಟೆ ಮೇಲೆ ಕೂತು ಏಳಲೇ ಇಲ್ಲ. ಕೊನೆಗೆ ಕಾಫಿ ಮೂಟೆ ಹೊತ್ತ ಪಿಕಪ್ ಒಂದು ಬಂತು. ಮಕ್ಕಳು, ಸೈಕಲ್‌ಗಳು ಎಲ್ಲ ಮೂಟೆಯ ಮೇಲೆ. ಉಳಿದ ಮೂರು ದಿನ ಆ ಹುಡುಗ ಸೈಕಲ್ ಮುಟ್ಟಲಿಲ್ಲ. ತಪ್ಪು ಅವನದಲ್ಲ. ಗುಡ್ಡದ ಮೇಲಿನ ಮನೆ ಅಂದರೆ ಪ್ರತಿ ಸವಾರಿಯೂ ಏರಿನಲ್ಲಿ ಮುಗಿಯುತ್ತದೆ. ಶಕ್ತಿ ಎಲ್ಲ ಖಾಲಿಯಾದ ಹೊತ್ತಿಗೆ, ಬಿಸಿಲು ಏರಿದ ಹೊತ್ತಿಗೆ.

ಆದ್ದರಿಂದ ನನ್ನ ಉತ್ತರ ಇಷ್ಟೇ: ನೋಟ ಇರುವ ಮನೆ ಬೇಡ. ಗದ್ದೆ ಪಕ್ಕದ ಮನೆ ಹಿಡಿಯಿರಿ.

ಕೊಡಗಿನ ನೆಲವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ತಗ್ಗಿನಲ್ಲಿ ಗದ್ದೆ. ಅದರ ಅಂಚಿನಿಂದ ಮೇಲಕ್ಕೆ ಕಾಫಿ ತೋಟ. ಇನ್ನೂ ಮೇಲೆ ಕಾಡು, ಅದರಾಚೆ ಹುಲ್ಲಿನ ಬೆಟ್ಟ. ಇಲ್ಲಿನ ಹಳೇ ಐನ್‌ಮನೆಗಳನ್ನು, ಅಂದರೆ ಕೊಡವ ಕುಟುಂಬಗಳ ಮೂಲ ಮನೆಗಳನ್ನು ನೋಡಿ. ಹೆಚ್ಚಿನವು ಗದ್ದೆಯ ಅಂಚಿನಲ್ಲೇ ಇವೆ. ಮನೆಯಿಂದ ಓಣಿ, ಓಣಿಯಿಂದ ಗದ್ದೆ ದಾರಿ. ಹಿಂದಿನವರು ಎತ್ತು, ಭತ್ತದ ಹೊರೆ ಲೆಕ್ಕ ಹಾಕಿ ಮನೆ ಕಟ್ಟಿದರು. ಸೈಕಲ್‌ಗೂ ಅದೇ ಲೆಕ್ಕ ಒಪ್ಪುತ್ತದೆ. ಗೇಟು ದಾಟಿದರೆ ಸಮತಟ್ಟು ದಾರಿ. ಚಿಕ್ಕವರು ಅಲ್ಲೇ ಸುತ್ತು ಹೊಡೆಯಲಿ. ದೊಡ್ಡ ಮಕ್ಕಳು ತೋಟದ ಮಣ್ಣು ರಸ್ತೆ ಹತ್ತಲಿ. ಹೋಗುವಾಗ ಏರು, ಬರುವಾಗ ಇಳಿಜಾರು. ಸುಸ್ತಾದವರು ಅಲ್ಲಿಂದಲೇ ತಿರುಗಿದರೂ ತೊಂದರೆಯಿಲ್ಲ, ಸೈಕಲ್ ತಾನೇ ಮನೆಗೆ ಕರೆತರುತ್ತದೆ.

ಒಂದೇ ಮನೆಯಲ್ಲಿ ನಾಲ್ಕು ದಿನ ಉಳಿಯಿರಿ. ದಿನಾ ಊರು ಬದಲಿಸಿದರೆ ಅರ್ಧ ರಜೆ ಸೈಕಲ್ ಕಟ್ಟುವುದು, ಬಿಚ್ಚುವುದರಲ್ಲೇ ಹೋಗುತ್ತದೆ.

ಏರು ಎಷ್ಟು ಅಂತ ನೋಡುವುದೂ ಸುಲಭ. 1 ಕಿಲೋಮೀಟರ್ ಹೋಗುವಷ್ಟರಲ್ಲಿ 100 ಮೀಟರ್ ಮೇಲೇರಿದರೆ ಅದು ಶೇ. 10ರ ಏರು. ಅಂಥ ಮಣ್ಣು ದಾರಿಯಲ್ಲಿ ಬಹಳ ಮಕ್ಕಳು ಇಳಿದು ತಳ್ಳುತ್ತಾರೆ, ನಾನೂ ತಳ್ಳುತ್ತೇನೆ. ಶೇ. 4-5 ಆದರೆ ಮಾತಾಡಿಕೊಂಡು ಹತ್ತಬಹುದು. ಹಾಗಾಗಿ "ಇವತ್ತು ಎಷ್ಟು ಕಿಲೋಮೀಟರ್" ಅಂತ ಲೆಕ್ಕ ಹಾಕಬೇಡಿ, ಎಷ್ಟು ಮೀಟರ್ ಹತ್ತಬೇಕು ಅಂತ ನೋಡಿ. ನಮ್ಮ ಚಿಕ್ಕವನಿಗೆ ಈಗ 9 ವರ್ಷ. ಅವನ ಜೊತೆ ದಿನಕ್ಕೆ 12 ಕಿಲೋಮೀಟರ್, 150 ಮೀಟರ್ ಏರು. ಅದಕ್ಕಿಂತ ಜಾಸ್ತಿ ಮಾಡಿದ ದಿನವೆಲ್ಲ ರಾತ್ರಿ ಊಟಕ್ಕೆ ಮೊದಲೇ ಜಗಳ ಆಗಿದೆ.

ಮಕ್ಕಳ ಸೈಕಲ್ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ 24 ಇಂಚಿನ ಚಕ್ರ, ಮುಂದೂ ಹಿಂದೂ ಸ್ಪ್ರಿಂಗು, ದಪ್ಪ ಟೈರು ಇರುವ ಸೈಕಲ್ ನೋಡಿ ಮಕ್ಕಳು ಕುಣಿಯುತ್ತಾರೆ. ಅದನ್ನು ಒಂದು ಕೈಯಲ್ಲಿ ಎತ್ತಿ ನೋಡಿ. ಉಕ್ಕಿನದಾದರೆ 15 ಕೆಜಿ ಹತ್ತಿರ ಇರುತ್ತದೆ. ತುಳಿಯುವ ಮಗು 30 ಕೆಜಿ. ಅಂದರೆ 70 ಕೆಜಿ ತೂಕದ ಅಪ್ಪ 35 ಕೆಜಿ ಸೈಕಲ್ ತುಳಿದ ಹಾಗೆ. ಆ ಅಪ್ಪ ಆರಾಮಾಗಿ ಮುಂದೆ ಹೋಗಿ "ಬಾರೋ ಬೇಗ" ಅಂತ ಕೂಗುತ್ತಿರುತ್ತಾನೆ! ಹಿಂದಿನ ಸ್ಪ್ರಿಂಗು ಇಲ್ಲದ ಹಗುರ ಸೈಕಲ್ ಸಾಕು. ನೀರು, ತಿಂಡಿ, ರೇನ್‌ಕೋಟು ಎಲ್ಲ ದೊಡ್ಡವರ ಬ್ಯಾಗಿನಲ್ಲಿರಲಿ. ಬಾಡಿಗೆಗೆ ಸಿಗುವ ಸೈಕಲ್‌ಗಳು ಬಹುತೇಕ ದೊಡ್ಡವರ ಅಳತೆಯವು. ನಿಮ್ಮದು ಇಲ್ಲೇ ನೋಡಿಕೊಳ್ಳಬಹುದು, ಮಕ್ಕಳದ್ದು ಮನೆಯಿಂದಲೇ ತನ್ನಿ. ಕೊಡಗಿಗೆ ರೈಲಿಲ್ಲ, ಆದ್ದರಿಂದ ಕಾರಿನ ಹಿಂದೆ ಸ್ಟ್ಯಾಂಡ್ ಹಾಕಿಸಬೇಕಾಗುತ್ತದೆ.

ಹೊರಡುವ ಮೊದಲು ಬ್ರೇಕ್ ನೋಡಿ. ಮಗುವಿನ ಬೆರಳು ಬ್ರೇಕಿಗೆ ಸುಲಭವಾಗಿ ಎಟುಕುತ್ತದಾ? ಬಹಳಷ್ಟು ಹಿಡಿಗಳಲ್ಲಿ ಒಂದು ಚಿಕ್ಕ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದರೆ ಹಿಡಿ ಹತ್ತಿರ ಬರುತ್ತದೆ. ಇಳಿಜಾರಿನಲ್ಲಿ ಸೀಟು ಒಂದೆರಡು ಇಂಚು ಇಳಿಸಿ, ಮೈಭಾರ ಹಿಂದಕ್ಕೆ ಹಾಕಿ, ಎರಡೂ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಒತ್ತಲು ಹೇಳಿಕೊಡಿ. ಮುಂದಿನದನ್ನು ಮಾತ್ರ ಗಟ್ಟಿಯಾಗಿ ಒತ್ತಿದರೆ ಹ್ಯಾಂಡಲ್ ಮೇಲಿಂದ ಹಾರುತ್ತಾರೆ. ಹಿಂದಿನದನ್ನು ಮಾತ್ರ ಒತ್ತಿದರೆ ಪಾಚಿ ಮಣ್ಣಿನಲ್ಲಿ ಜಾರುತ್ತಾರೆ. ಪಂಪು, ಪ್ರತಿ ಅಳತೆಗೆ ಒಂದು ಟ್ಯೂಬು ಬೇಕೇ ಬೇಕು. ನೆರಳಿಗೆ ಹಾಲುವಾಣ ಹಾಕಿರುವ ತೋಟದಲ್ಲಿ ಮರ ಕಪಾತು ಆಗಿದ್ದರೆ ದಾರಿ ತುಂಬ ಮುಳ್ಳು ರೆಂಬೆ. ಹೆಲ್ಮೆಟ್ ಅಪ್ಪ ಅಮ್ಮನಿಗೂ.

ಇನ್ನು ಜಾಗ. ಮೊದಲ ದಿನ ಕೈ ಕಾಲು ಪಳಗಿಸಲು ಕುಶಾಲನಗರದ ಆಚೆ, ಕಾವೇರಿ ದಾಟಿ ಬೈಲಕುಪ್ಪೆಗೆ ಹೋಗಿ. ಅದು ಮೈಸೂರು ಜಿಲ್ಲೆ, ಆದರೂ ಪರವಾಗಿಲ್ಲ. ಟಿಬೆಟಿಯನ್ನರ ಕ್ಯಾಂಪುಗಳ ನಡುವಿನ ರಸ್ತೆಗಳು ಸಮತಟ್ಟು, ಎರಡೂ ಕಡೆ ಜೋಳದ ಹೊಲ. ಆಮೇಲೆ ದಕ್ಷಿಣ ಕೊಡಗು. ಗೋಣಿಕೊಪ್ಪ, ಪೊನ್ನಂಪೇಟೆ ಸುತ್ತಿನಲ್ಲಿ ಅಗಲವಾದ ಗದ್ದೆ ಬಯಲುಗಳಿವೆ, ನಡುವೆ ಸಣ್ಣ ರಸ್ತೆಗಳಿವೆ. ಮಕ್ಕಳಿರುವ ಮನೆಯವರಿಗೆ ನಾನು ಮೊದಲು ಹೇಳುವುದು ಈ ಕಡೆಯನ್ನೇ. ಸುಂಟಿಕೊಪ್ಪ ಕಡೆ ಉಳಿದರೆ ಚಿಕ್ಲಿಹೊಳೆ ಅಣೆಕಟ್ಟೆಗೆ ಒಂದು ಸುತ್ತು ಚೆನ್ನಾಗಿರುತ್ತದೆ. ಹದಿಮೂರು ಹದಿನಾಲ್ಕು ದಾಟಿದ ಮಕ್ಕಳಿದ್ದರೆ ನಾಪೋಕ್ಲು, ಕಕ್ಕಬ್ಬೆ. ಅಲ್ಲಿಂದ ನಾಲ್ಕುನಾಡು ಅರಮನೆ ತನಕ ಬೆವರು ಸುರಿಸಿ ಹತ್ತಬಹುದು. ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು ಅದು. ಯಾರ ಕೈಗೂ ಸುಲಭವಾಗಿ ಸಿಗಬಾರದು ಅಂತಲೇ ಆ ಜಾಗ ಆರಿಸಿದ್ದರಂತೆ. ತುಳಿದು ನೋಡಿದರೆ ನಂಬಿಕೆ ಬರುತ್ತದೆ.

ಮಡಿಕೇರಿ ಕಡೆಯ ಮಾಂದಲಪಟ್ಟಿ ಬೆಟ್ಟ? ಜೀಪಿನಲ್ಲಿ ಹೋಗಿ ಬನ್ನಿ. ಆ ಕಲ್ಲು ದಾರಿಯಲ್ಲಿ ಜೀಪುಗಳ ನಡುವೆ ಮಕ್ಕಳ ಸೈಕಲ್ ಬೇಡ. ತಡಿಯಂಡಮೋಳ್ 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ಅಲ್ಲಿಗೆ ಸೈಕಲ್ ಬಿಟ್ಟು ಒಂದು ದಿನ ನಡೆದು ಹೋಗಿ, ಅರಣ್ಯ ಇಲಾಖೆಯಿಂದ ಅನುಮತಿ ಪಡೆದು. ಕುಶಾಲನಗರದಿಂದ ಮಡಿಕೇರಿಗೆ ಹೆದ್ದಾರಿಯಲ್ಲಿ ತುಳಿಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ತಿರುವು, ಲಾರಿ, ಕಾರು. ಅದು ರಜೆಯಲ್ಲ.

ತೋಟದ ರಸ್ತೆ ಖಾಸಗಿ ರಸ್ತೆ. ಗೇಟು ತೆರೆದಿದ್ದರೆ ಬನ್ನಿ ಅಂತ ಅರ್ಥವಲ್ಲ. ಒಂದು ಮಾತು ಕೇಳಿದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ, ಕಾಫಿಯನ್ನೂ ಕೊಡುತ್ತಾರೆ. ಆದರೆ ಕಣದಲ್ಲಿ ಹರಡಿದ ಕಾಫಿ ಮೇಲೆ ಚಕ್ರ ಹೋಗಬಾರದು. ಅದು ಒಂದು ಮನೆಯ ಇಡೀ ವರ್ಷದ ದುಡಿಮೆ. ದೇವರಕಾಡಿನೊಳಗೂ ಸೈಕಲ್ ಬೇಡ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಹೊರಗಿನವರಿಗೆ ಸಾಮಾನ್ಯ ಕಾಡಿನ ಹಾಗೇ ಕಾಣುತ್ತವೆ. ಆದ್ದರಿಂದ ಮೊದಲೇ ಕೇಳಿಕೊಳ್ಳಿ. ತೋಟದ ನಾಯಿ ಅಟ್ಟಿಸಿಕೊಂಡು ಬಂದರೆ ಸೈಕಲ್ ಜೋರಾಗಿ ಓಡಿಸಬೇಡಿ. ಇಳಿದು, ಸೈಕಲನ್ನು ನಡುವೆ ಇಟ್ಟುಕೊಂಡು ನಿಧಾನ ನಡೆಯಿರಿ.

ಇಷ್ಟು ಹೊತ್ತು ಆನೆ ಮಾತು ಎತ್ತಲಿಲ್ಲ ನಾನು. ಎತ್ತಿದರೆ ಜನ ಎರಡೇ ರೀತಿ. ಒಂದು, ಹೆದರಿ ರಜೆಯನ್ನೇ ಕೈಬಿಡುವವರು. ಇನ್ನೊಂದು, "ವಾವ್, ನೋಡೋಕೆ ಸಿಗುತ್ತಾ?" ಅನ್ನುವವರು. ಎರಡನೆಯವರೇ ನನಗೆ ಹೆಚ್ಚು ಭಯ. ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆ ಆನೆಗಳು ತೋಟದೊಳಗೇ ಓಡಾಡುತ್ತವೆ. ಹಲಸು ಹಣ್ಣಾದಾಗ, ಭತ್ತ ಬೆಳೆದಾಗ ಇನ್ನೂ ಜಾಸ್ತಿ. ಇಲ್ಲಿ ಕೆಲಸಕ್ಕೆ ಹೋಗುವವರು ಪ್ರಾಣ ಕಳೆದುಕೊಂಡಿದ್ದಾರೆ. ಇದು ತಮಾಷೆಯ ವಿಷಯ ಅಲ್ಲ.

ಸೈಕಲ್‌ನಲ್ಲಿ ಇನ್ನೊಂದು ಅಪಾಯ ಇದೆ. ಜೀಪ್ ಬಂದರೆ ಸದ್ದು ಕೇಳಿ ಆನೆ ಸರಿಯುತ್ತದೆ, ಇಲ್ಲವೇ ಎಚ್ಚರವಾಗುತ್ತದೆ. ಸೈಕಲ್‌ಗೆ ಸದ್ದೇ ಇಲ್ಲ. ಇಳಿಜಾರಿನಲ್ಲಿ ಸೊಂಯ್ ಅಂತ ತಿರುವು ತಿರುಗಿದರೆ ಎದುರಲ್ಲೇ ಆನೆ. ಅದಕ್ಕೂ ಗಾಬರಿ, ನಿಮಗೂ ಗಾಬರಿ. ಅದಕ್ಕೇ ನಮ್ಮ ಮನೆಯ ನಿಯಮಗಳು ಗಟ್ಟಿ. ಬೆಳಿಗ್ಗೆ ಎಂಟೂವರೆಗೆ ಮೊದಲು ಹೊರಡುವುದಿಲ್ಲ, ಸಂಜೆ ನಾಲ್ಕಕ್ಕೆ ಮನೆಯಲ್ಲಿರಬೇಕು. ಹೊರಡುವ ಮುಂಚೆ ತೋಟದ ಕೆಲಸಗಾರರ ಲೈನ್ ಮನೆಯವರನ್ನೋ ಶಾಲೆಗೆ ಮಕ್ಕಳನ್ನು ಬಿಡುವ ಆಟೋದವರನ್ನೋ "ಇವತ್ತು ಎಲ್ಲಿದೆ?" ಅಂತ ಕೇಳುತ್ತೇವೆ. ಏನು ಅಂತ ಹೇಳಬೇಕಾಗಿಲ್ಲ, ಅವರಿಗೆ ಗೊತ್ತು. ಮುಂದೆ ಒಬ್ಬರು ದೊಡ್ಡವರು, ಹಿಂದೆ ಒಬ್ಬರು. ತಿರುವಿಗೆ ಮೊದಲು ಬೆಲ್. ಬಿಸಿ ಆರದ ಲದ್ದಿ ಕಂಡರೆ, ಹೊಸದಾಗಿ ಮುರಿದ ಬಾಳೆ ಕಂಡರೆ ಅಲ್ಲಿಂದಲೇ ವಾಪಸ್, ಚರ್ಚೆಯಿಲ್ಲ. ಸೋಲಾರ್ ಬೇಲಿ ಮುಟ್ಟಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡಿ. ದಾರಿ ಕವಲಾದ ಕಡೆಯೆಲ್ಲ ನಿಂತು ಎಲ್ಲರೂ ಸೇರಿಯೇ ಮುಂದೆ ಹೋಗುವುದು. ತಗ್ಗಿನಲ್ಲಿ ಫೋನ್ ಸಿಗ್ನಲ್ ನಂಬಬೇಡಿ.

ಯಾವಾಗ ಬರಬೇಕು? ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡವೇ ಬೇಡ. ಮಳೆ, ಇಂಬಳ, ಜಾರುವ ಮಣ್ಣು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದದ್ದು ನೆನಪಿದೆ ಅಲ್ವಾ? ಡಿಸೆಂಬರ್ ಕೊನೆಯ ವಾರ ಹವೆ ಚೆನ್ನಾಗಿರುತ್ತದೆ, ಆದರೆ ಜನವೋ ಜನ. ಶಾಲೆ ಒಪ್ಪಿದರೆ ಜನವರಿ, ಫೆಬ್ರವರಿ ಒಳ್ಳೆಯದು. ಭತ್ತ ಕೊಯ್ದು ಗದ್ದೆ ಒಣಗಿರುತ್ತದೆ. ಗದ್ದೆಯವರನ್ನು ಕೇಳಿ ಕೂಳೆಯ ಮೇಲೇ ಮಕ್ಕಳನ್ನು ಬಿಡಬಹುದು. ಬಿದ್ದರೂ ಪೆಟ್ಟಾಗುವುದು ಕಡಿಮೆ. ಬೇಸಿಗೆ ರಜೆಗೇ ಬರಬೇಕು ಅಂದರೆ ಬೆಳಗಿನ ಹೊತ್ತು ಮಾತ್ರ ತುಳಿಯಿರಿ, ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು. ಅದೃಷ್ಟ ಇದ್ದರೆ ಮಾರ್ಚ್ ಆಸುಪಾಸಿನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಆದ ಒಂದು ವಾರ, ಹತ್ತು ದಿನಕ್ಕೆ ಇಡೀ ತೋಟ ಬಿಳಿ ಹೂವಾಗುತ್ತದೆ. ಮಲ್ಲಿಗೆಯಂಥ ವಾಸನೆ. ಮೂರು ನಾಲ್ಕು ದಿನ ಅಷ್ಟೇ. ಆ ದಿನಗಳನ್ನು ಮೊದಲೇ ಬುಕ್ ಮಾಡಲು ಆಗುವುದಿಲ್ಲ, ನಾನೂ ಫೋನ್ ಮಾಡಿ ಹೇಳುವುದಿಲ್ಲ.

ಮೊನ್ನೆ ಚಿಕ್ಕಪ್ಪನ ಮಗನಿಗೆ ಇದನ್ನೆಲ್ಲ ಮುಕ್ಕಾಲು ಗಂಟೆ ಹೇಳಿದೆ. ಎಲ್ಲಕ್ಕೂ ಹೂಂ ಹೂಂ ಅಂದ. ಕೊನೆಗೆ, "ಅಕ್ಕಾ, ಬೈಬೇಡಿ. ಗುಡ್ಡದ ಮೇಲಿಂದೇ ಬುಕ್ ಆಗೋಗಿದೆ. ದುಡ್ಡು ವಾಪಸ್ ಕೊಡಲ್ವಂತೆ" ಅಂದ.

ಬೈಯಲಿಲ್ಲ. ನಮ್ಮೂರ ಪಿಕಪ್ ಡ್ರೈವರ್ ನಂಬರ್ ಕಳಿಸಿದೆ.